ಬೇಸ್ ಬಾಕ್ಸ್ ಕೊಂಡಿರಿ, ಆಂಪ್ಲಿಫೈಯರ್ ಯಾವುದು?

ಜಾತ್ರೆಯ ಕಂಬಕ್ಕೆ ಕಟ್ಟಿದ ಹಾರ್ನ್‌ನಿಂದ ಹಿಡಿದು ಶಾಲಾ ವಾರ್ಷಿಕೋತ್ಸವದ ಮೇಜಿನ ಮೇಲಿನ ಆಂಪ್ಲಿಫೈಯರ್‌ವರೆಗೆ, ಕರ್ನಾಟಕದ ಹಳ್ಳಿಗಳಲ್ಲಿ ‘ಅಹುಜಾ’ ಎಂಬ ಹೆಸರು ನೋಡದವರು ವಿರಳ. 1940ರಲ್ಲಿ ಆರಂಭವಾದ ಅಹುಜಾ ರೇಡಿಯೋಸ್‌ನ ನೆಲೆ ದಕ್ಷಿಣ ದೆಹಲಿಯ ಓಖ್ಲಾ ಕೈಗಾರಿಕಾ ಪ್ರದೇಶ. ಅಲ್ಲಿಂದ ಬಂದ ಪಿ.ಎ. ಆಂಪ್‌ಗಳು ಭಾಷಣ, ಭಜನೆ, ಹರಿಕಥೆಯನ್ನು ಊರಿನ ಆಚೆ ತುದಿಗೂ ಮುಟ್ಟಿಸಿದವು. ಆ ಕೆಲಸಕ್ಕೆ ಇಂದಿಗೂ ಅವು ಸರಿ. ಆರ್ಕೆಸ್ಟ್ರಾ, ಡಿ.ಜೆ. ಬೇಡಿಕೆ ಬಂದ ಮೇಲೆ 18 ಇಂಚಿನ ಬೇಸ್ ಬಾಕ್ಸ್ ಕೊಂಡು, ಅದನ್ನೂ ಅದೇ ಹಳೆಯ ಆಂಪ್‌ಗೆ ಸಿಕ್ಕಿಸುವ ಸೌಂಡ್ಸ್‌ನವರಿದ್ದಾರೆ. ಸ್ಪೀಕರ್ ಕಾಯಿಲ್ ಸುಡುವುದು, ಆಂಪ್ ಕೂರುವುದು ಅಲ್ಲಿಂದಲೇ ಶುರು.

ಮೊದಲು ಆಂಪ್‌ನ ಹಿಂಬದಿ ನೋಡಿ. 100 ವೋಲ್ಟ್ ಲೈನ್ ಎಂದು ಬರೆದಿದ್ದರೆ ಅದು ಉದ್ದ ವೈರಿನಲ್ಲಿ ಹತ್ತಾರು ಹಾರ್ನ್ ನಡೆಸಲು ಮಾಡಿದ್ದು. ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮಾತಿಗೆ ಸಾಕು, 40 ಹರ್ಟ್ಸ್‌ನ ಹೊಡೆತಕ್ಕೆ ಸಾಲದು. ಬೇಸ್ ಬಾಕ್ಸ್‌ಗೆ ಬೇಕಾದದ್ದು 8 ಮತ್ತು 4 ಓಮ್‌ಗೆ ನೇರವಾಗಿ ಶಕ್ತಿ ಕೊಡುವ ಎರಡು ಚಾನೆಲ್ಲಿನ ಪವರ್ ಆಂಪ್.

ವಾಟ್ಸ್ ಲೆಕ್ಕ

ಬಾಕ್ಸ್ ಮೇಲೆ ಮೂರು ಅಂಕಿ ಇರುತ್ತವೆ: ಆರ್‌ಎಂಎಸ್ 600, ಪ್ರೋಗ್ರಾಮ್ 1200, ಪೀಕ್ 2400. ಮಾರುವವರು ಹೇಳುವುದು ಕೊನೆಯದನ್ನು, ನೀವು ಹಿಡಿಯಬೇಕಾದದ್ದು ಮೊದಲನೆಯದನ್ನು. ಆರ್‌ಎಂಎಸ್‌ನ ಒಂದೂವರೆಯಿಂದ ಎರಡು ಪಟ್ಟು, ಅಂದರೆ 8 ಓಮ್‌ನಲ್ಲಿ 900ರಿಂದ 1200 ವಾಟ್ ಕೊಡುವ ಆಂಪ್ ಈ ಬಾಕ್ಸ್‌ಗೆ ಹೊಂದುತ್ತದೆ. 8 ಓಮ್‌ನ ಎರಡು ಬಾಕ್ಸ್ ಒಂದೇ ಚಾನೆಲ್ಲಿಗೆ ಸೇರಿಸಿದರೆ ಲೋಡ್ 4 ಓಮ್. ಆಗ 4 ಓಮ್‌ನಲ್ಲಿ 1800ರಿಂದ 2400 ವಾಟ್ ಬೇಕು.

ಸಣ್ಣ ಆಂಪ್ ಹಾಕಿದರೆ ಸ್ಪೀಕರ್ ಸುರಕ್ಷಿತ ಎಂಬ ನಂಬಿಕೆ ತಪ್ಪು. ಜನ ‘ಇನ್ನೂ ಜೋರು’ ಎನ್ನುತ್ತಾರೆ, ನಾಬ್ ಏರುತ್ತದೆ, ಕೆಂಪು ಕ್ಲಿಪ್ ದೀಪ ಆರುವುದೇ ಇಲ್ಲ. ಅಲೆಯ ತಲೆ ಪೂರ್ತಿ ಕತ್ತರಿಸಿದಾಗ 500 ವಾಟಿನ ಆಂಪ್ ಕೂಡ ಹತ್ತಿರ ಹತ್ತಿರ 1000 ವಾಟ್ ಸುರಿಯಬಲ್ಲದು. ಅಷ್ಟೂ ಕಾಯಿಲ್‌ನಲ್ಲಿ ಶಾಖವಾಗುತ್ತದೆ.

ಒಂದೇ ಚಾನೆಲ್ಲಿಗೆ ನಾಲ್ಕು ಬಾಕ್ಸ್ ಹಾಕಿ 2 ಓಮ್‌ನಲ್ಲಿ ಓಡಿಸುವ ಆಸೆ ಬೇಡ. ಕ್ಯಾಟಲಾಗ್ ಒಪ್ಪಿದರೂ ಏಪ್ರಿಲ್ ಜಾತ್ರೆಯ ಧೂಳು, ಸೆಕೆ ಒಪ್ಪುವುದಿಲ್ಲ. ವೈರ್‌ನ ನಷ್ಟ ಬೇರೆ: 2.5 ಚದರ ಮಿ.ಮೀ. ತಾಮ್ರದ ಕೇಬಲ್ 20 ಮೀಟರ್ ಎಳೆದರೆ ಹೋಗಿಬರುವ ದಾರಿಗೆ ಸುಮಾರು 0.3 ಓಮ್. 4 ಓಮ್ ಲೋಡಿನಲ್ಲಿ ಶೇ 13ರಷ್ಟು, 2 ಓಮ್‌ನಲ್ಲಿ ಶೇ 25ರಷ್ಟು ಶಕ್ತಿ ಬಾಕ್ಸ್ ತಲುಪುವುದಿಲ್ಲ. ಆಂಪ್ ರ್‍ಯಾಕ್ ಅನ್ನು ಬಾಕ್ಸ್ ಪಕ್ಕವೇ ಇಡಿ, 4 ಚದರ ಮಿ.ಮೀ. ಕೇಬಲ್ ಬಳಸಿ.

ಕರೆಂಟು, ಜನರೇಟರ್

ತಲಾ 2000 ವಾಟಿನ ಎರಡು ಚಾನೆಲ್ ಡಿ.ಜೆ. ಹಾಡಿಗೆ ಸರಾಸರಿ ಮೂರನೇ ಒಂದು ಭಾಗ ದುಡಿದರೂ, ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿ 230 ವೋಲ್ಟ್‌ನಲ್ಲಿ ಸುಮಾರು 12 ಆಂಪಿಯರ್ ಎಳೆಯುತ್ತದೆ. ಹೊಸ ಮಾದರಿಯ ಕ್ಲಾಸ್ ಡಿ ಆಂಪ್ 7ರ ಆಸುಪಾಸಿನಲ್ಲಿ ಮುಗಿಸುತ್ತದೆ, ತೂಕವೂ ಕಡಿಮೆ. ಆದರೂ ಅದನ್ನು ಕಣ್ಣುಮುಚ್ಚಿ ಕೊಳ್ಳಿ ಎನ್ನಲಾರೆ. ಭಾರದ ಹಳೆಯ ಮಾದರಿ ಕೆಟ್ಟರೆ ತಾಲ್ಲೂಕಿನ ಮೆಕ್ಯಾನಿಕ್ಕೇ ಟ್ರಾನ್ಸಿಸ್ಟರ್ ಬದಲಿಸಿ ಕೊಡುತ್ತಾನೆ. ಕ್ಲಾಸ್ ಡಿ ಬೋರ್ಡ್ ಕೆಟ್ಟರೆ ಬಹುಪಾಲು ನಗರಕ್ಕೆ ಕಳಿಸಬೇಕು, ಸೀಸನ್ ಕೈತಪ್ಪುತ್ತದೆ. ಜನರೇಟರ್‌ನಲ್ಲಿ ವೋಲ್ಟೇಜ್ ಏರಿಳಿಯುವುದರಿಂದ, ಎಷ್ಟರಿಂದ ಎಷ್ಟು ವೋಲ್ಟ್‌ವರೆಗೆ ಆಂಪ್ ತಾಳುತ್ತದೆ ಎಂದು ಕೇಳಿಯೇ ತೀರಿ.

ಆಂಪ್‌ಗೆ ಮುಂಚೆ ಪ್ರೊಸೆಸರ್ ಇರಲಿ. ಕ್ರಾಸ್‌ಓವರ್ 80ರಿಂದ 100 ಹರ್ಟ್ಸ್‌ಗೆ, ಪೋರ್ಟ್ ಇರುವ ಬಾಕ್ಸ್‌ಗೆ ಕೆಳಗಿನ ಕಟ್ 30ರಿಂದ 35ಕ್ಕೆ. ಲಿಮಿಟರ್‌ಗೆ ಬಾಕ್ಸ್‌ನ ಆರ್‌ಎಂಎಸ್ 600ನ್ನು ಅದರ 8 ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ: ಸುಮಾರು 69 ವೋಲ್ಟ್. ಸಮಾನಾಂತರವಾಗಿ ಎಷ್ಟು ಬಾಕ್ಸ್ ಸೇರಿಸಿದರೂ ಈ ವೋಲ್ಟ್ ಬದಲಾಗದು.

ಇನ್ನೂ ಜೋರು ಬೇಕೆನಿಸಿದರೆ? ಆಂಪ್‌ನ ಶಕ್ತಿ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ. ಅದರ ಬದಲು ಅಷ್ಟೇ ಶಕ್ತಿ ಪಡೆಯುವ ಇನ್ನೊಂದು ಬಾಕ್ಸ್ ಪಕ್ಕದಲ್ಲೇ ಇಟ್ಟರೆ 6ರವರೆಗೂ ಸಿಗುತ್ತದೆ. ನನ್ನ ಓಟು ಬಾಕ್ಸ್‌ಗೆ.

2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಗದಿತ ಪ್ರಾಧಿಕಾರದ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಅಳೆಯುವ ‘ಎ’ ಮಾಪಕ 50 ಹರ್ಟ್ಸ್‌ನ ಸದ್ದನ್ನು 30 ಡೆಸಿಬಲ್‌ನಷ್ಟು ಕಡಿಮೆ ತೋರಿಸುತ್ತದೆ. ಮೀಟರ್ ಸುಮ್ಮನಿದ್ದರೂ ಪಕ್ಕದ ಮನೆಯ ವೃದ್ಧರ ಎದೆ ನಡುಗುತ್ತಿರಬಹುದು. ಬಾಕ್ಸ್‌ಗಳ ಮುಖವನ್ನು ಮನೆಗಳಿಂದ ತಿರುಗಿಸಿದರೂ ಬೇಸ್ ಎಲ್ಲ ದಿಕ್ಕಿಗೂ ಹರಡುತ್ತದೆ, ಸದ್ದು ಇಳಿಸುವುದೊಂದೇ ಉಪಾಯ.

ದೆಹಲಿಯ ಲಜಪತ್ ರಾಯ್ ಮಾರ್ಕೆಟ್ ಆಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ನಿಮ್ಮದೇ ಎರಡು ಬಾಕ್ಸ್ ಒಯ್ದು 4 ಓಮ್ ಲೋಡಿನಲ್ಲಿ ಅರ್ಧ ಗಂಟೆ ಓಡಿಸಿ ನೋಡದೆ ಹಣ ಎಣಿಸಬೇಡಿ.