ಸಂದಕ್‌ಫೂ ಕಾಲ್ನಡಿಗೆ ಮತ್ತು ಎತ್ತರದ ಬೇನೆ

ಭಾರತ ಮತ್ತು ನೇಪಾಳಗಳ ಗಡಿಯಾಗಿ ನಿಂತಿರುವ ಸಿಂಗಲೀಲಾ ಪರ್ವತಶ್ರೇಣಿಯು ಡಾರ್ಜಿಲಿಂಗ್ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ಮಾನೇಭಂಜಾಂಗ್ ಎಂಬ ಪುಟ್ಟ ಪೇಟೆಯಿಂದ ಹೊರಟು ಟೋಂಗ್ಲು, ಕಾಲಿಪೋಖ್ರಿ, ಸಂದಕ್‌ಫೂ, ಫಾಲೂಟ್‌ಗಳ ಮೂಲಕ ಸಾಗುವ ಇಲ್ಲಿಯ ಕಾಲುದಾರಿಯನ್ನು ರಾತ್ರಿಗೊಂದು ತಂಗುಮನೆಯಲ್ಲಿ ಉಳಿಯುತ್ತ ಐದಾರು ದಿನಗಳಲ್ಲಿ ಕ್ರಮಿಸಬಹುದು. ಡೇರೆಯನ್ನು ಹೊರಬೇಕಾಗಿಲ್ಲ, ಸ್ಥಳೀಯ ಮಾರ್ಗದರ್ಶಿಯನ್ನು ಜೊತೆಗೆ ಕರೆದೊಯ್ಯುವುದು ಕಡ್ಡಾಯ. ಈ ಅನುಕೂಲಗಳನ್ನು ಕಂಡು ಮಹಾನಗರಗಳ ಗೆಳೆಯರ ಬಳಗಗಳು ಇದನ್ನು ಸುಲಭದ ಹಿಮಾಲಯವೆಂದು ಭಾವಿಸುವುದುಂಟು. ನಡಿಗೆಯ ಮಟ್ಟಿಗೆ ಅದು ತಕ್ಕಮಟ್ಟಿಗೆ ನಿಜ. ಉಸಿರಾಟದ ಮಟ್ಟಿಗೆ ನಿಜವಲ್ಲ.

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಮಾನೇಭಂಜಾಂಗ್ ಇರುವುದೇ ಸುಮಾರು 2,000 ಮೀಟರ್ ಎತ್ತರದಲ್ಲಿ. ನಮ್ಮ ಬೆಟ್ಟ ಮುಗಿಯುವಲ್ಲಿ ಈ ದಾರಿ ಆರಂಭವಾಗುತ್ತದೆ! ಪಶ್ಚಿಮ ಬಂಗಾಳದ ಅತ್ಯುನ್ನತ ಸ್ಥಾನವಾದ ಸಂದಕ್‌ಫೂ 3,636 ಮೀಟರ್. ಅಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಮೂರನೆಯ ಎರಡು ಭಾಗದಷ್ಟು ಮಾತ್ರ. ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕವೂ ಅಷ್ಟೇ.

ಈ ಕೊರತೆಯನ್ನು ತುಂಬಿಕೊಳ್ಳಲು ದೇಹವು ಉಸಿರಾಟವನ್ನು ಹೆಚ್ಚಿಸುತ್ತದೆ. ಹೆಚ್ಚು ಉಸಿರಾಡಿದಾಗ ಇಂಗಾಲಾಮ್ಲವು ಅಧಿಕವಾಗಿ ಹೊರಹೋಗಿ ರಕ್ತವು ಕ್ಷಾರಗುಣಕ್ಕೆ ವಾಲುತ್ತದೆ. ಅದು ಮತ್ತೆ ಉಸಿರಾಟಕ್ಕೆ ತಡೆಯಾಗುತ್ತದೆ. ಮೂತ್ರಪಿಂಡಗಳು ಕ್ಷಾರವನ್ನು ಹೊರಹಾಕಿ ಸಮತೋಲವನ್ನು ತರಲು ಕೆಲವು ದಿನಗಳು ಬೇಕು. ಈ ದಿನಗಳನ್ನು ಬಲಿಷ್ಠವಾದ ಕಾಲುಗಳಿಂದಾಗಲಿ ತರುಣ ವಯಸ್ಸಿನಿಂದಾಗಲಿ ಕಡಿಮೆ ಮಾಡಲಾಗದು. 1969ರಲ್ಲಿ ಇಂದರ್ ಸಿಂಗ್ ಮತ್ತು ಸಹೋದ್ಯೋಗಿ ವೈದ್ಯರು ಎತ್ತರದ ಗಡಿಗಳಿಗೆ ಹೋದ 1,925 ಭಾರತೀಯ ಸೈನಿಕರ ಬೇನೆಯನ್ನು ವಿವರಿಸಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಜಗತ್ತಿನ ವೈದ್ಯರು ಇಂದಿಗೂ ನೆನೆಯುವಂಥದು. ಸೈನಿಕರಿಗಿಂತ ಗಟ್ಟಿಯಾದ ಮೈ ನಮ್ಮಲ್ಲಿ ಎಷ್ಟು ಮಂದಿಗಿದೆ?

3,000 ಮೀಟರಿನ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರ ನಿಯಮ. ಇದನ್ನು ಈ ದಾರಿಯ ತಂಗುಮನೆಗಳಿಗೆ ಅನ್ವಯಿಸಿ ನೋಡಬೇಕು. ಮೊದಲ ರಾತ್ರಿ ಟೋಂಗ್ಲು, ಸುಮಾರು 3,070 ಮೀಟರ್. ಎರಡನೆಯದು ಕಾಲಿಪೋಖ್ರಿ, ಅದಕ್ಕಿಂತ ನೂರು ಮೀಟರ್ ಮೇಲೆ. ಮೂರನೆಯದು ಸಂದಕ್‌ಫೂ. ಲೆಕ್ಕ ಸರಿಯಾಗಿಯೇ ಇದೆ. ಆದರೆ ರಜೆ ಸಾಲದೆಂದು ಒಂದು ತಂಗುಮನೆಯನ್ನು ಬಿಟ್ಟರೆ ಲೆಕ್ಕ ಕೆಡುತ್ತದೆ. ಸಂದಕ್‌ಫೂವರೆಗೆ ಜೀಪುಗಳೂ ಹೋಗುತ್ತವೆ. ಸುಮಾರು 120 ಮೀಟರ್ ಎತ್ತರದ ಸಿಲಿಗುರಿಯಿಂದ ಹೊರಟವನು ಒಂದೆರಡು ದಿನಗಳಲ್ಲೇ ಅಲ್ಲಿ ಮಲಗಬಹುದು. ನಡೆಯಲಾರದ ವೃದ್ಧರನ್ನು ಹೀಗೆ ಕರೆದೊಯ್ಯುವುದು ದಯೆಯಂತೆ ತೋರುತ್ತದೆ. ವಾಸ್ತವವಾಗಿ ನಡೆದು ಹೋಗುವವನಿಗಿಂತ ಅವರಿಗೇ ಅಪಾಯ ಹೆಚ್ಚು.

ತಲೆನೋವು, ಊಟ ಸೇರದಿರುವುದು, ವಾಕರಿಕೆ, ತಲೆಸುತ್ತು, ಅತಿಯಾದ ಆಯಾಸ: ಇವು ಬೇನೆಯ ಮೊದಲ ಲಕ್ಷಣಗಳು, ತಲುಪಿದ ಕೆಲವು ಗಂಟೆಗಳ ನಂತರ, ಹೆಚ್ಚಾಗಿ ಮೊದಲ ರಾತ್ರಿ ಕಾಣಿಸುತ್ತವೆ. ಇವುಗಳಿದ್ದಾಗ ಮೇಲೇರಬಾರದು. ಕುಳಿತಲ್ಲಿಯೇ ಏದುಸಿರು ಬಂದರೆ, ಕೆಮ್ಮಿನೊಡನೆ ನೊರೆ ಕಂಡರೆ, ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತ ನಡೆಯಲಾಗದಿದ್ದರೆ, ಮಾತು ತೊದಲಿದರೆ, ಬೆಳಗಾಗಲೆಂದು ಕಾಯದೆ ಕೆಳಗಿಳಿಸಬೇಕು. ಆಮ್ಲಜನಕ ದೊರೆತರೆ ಕೊಡಬೇಕು. ಇಳಿಯುವುದಕ್ಕೆ ಅದು ಬದಲಿಯಲ್ಲ. ಅಸಿಟಜೋಲಮೈಡ್ ಮಾತ್ರೆಯು ಮೂತ್ರಪಿಂಡಗಳ ಆ ಕೆಲಸವನ್ನೇ ಚುರುಕುಗೊಳಿಸುತ್ತದೆ. ಸಲ್ಫಾ ಔಷಧಿ ಒಗ್ಗದವರೂ ಹೃದ್ರೋಗಿಗಳೂ ಗರ್ಭಿಣಿಯರೂ ಹೊರಡುವ ಮೊದಲೇ ವೈದ್ಯರನ್ನು ಕೇಳುವುದು ಉಚಿತ. ಮದ್ಯ ಮತ್ತು ನಿದ್ರೆಯ ಗುಳಿಗೆ ಎರಡೂ ವರ್ಜ್ಯ.

ಇಲ್ಲಿ ಮಾರ್ಗದರ್ಶಿಯ ಪಾತ್ರ ದೊಡ್ಡದು. ನಮ್ಮವರಿಗೆ ಸಂಕೋಚ ಹೆಚ್ಚು. ಎಂಟು ಜನರ ಪ್ರವಾಸ ತನ್ನೊಬ್ಬನಿಂದ ಕೆಡಬಾರದೆಂದು ತಲೆನೋವನ್ನು ನುಂಗಿಕೊಂಡು ನಗುತ್ತಾರೆ. ಆದುದರಿಂದ ಬೆಳಿಗ್ಗೆ ಸಂಜೆ ಪ್ರತಿಯೊಬ್ಬರನ್ನೂ ಬೇರೆಯಾಗಿ ವಿಚಾರಿಸುವಂತೆ ಮಾರ್ಗದರ್ಶಿಗೆ ಮೊದಲ ದಿನವೇ ತಿಳಿಸಿರಬೇಕು. ಅವನು ಇಳಿಯಿರೆಂದರೆ ಎಲ್ಲರೂ ಒಪ್ಪುವುದಾಗಿ ಮಾನೇಭಂಜಾಂಗ್‌ನಲ್ಲಿಯೇ ನಿಶ್ಚಯಿಸಿಕೊಳ್ಳಬೇಕು.

ಸಂದಕ್‌ಫೂದಿಂದ ಫಾಲೂಟ್‌ಗೆ 21 ಕಿಲೋಮೀಟರ್. ಎತ್ತರ ಹೆಚ್ಚು ಬದಲಾಗದು, ಗಾಳಿ ಮಾತ್ರ ಬಲು ಕಠೋರ. ಆಕಾಶ ತಿಳಿಯಾಗಿದ್ದರೆ ಕಾಂಚನಜುಂಗಾ ಅಲ್ಲಿ ಎದುರಿಗೇ ನಿಲ್ಲುತ್ತದೆ. ಮರುದಿನ ಗೋರ್ಖೆ ಹಳ್ಳಿಗೆ ಸಾವಿರ ಮೀಟರಿಗೂ ಮಿಕ್ಕಿದ ಇಳಿಜಾರು. ಉಸಿರು ಹಗುರಾಗುತ್ತದೆ, ಮೊಣಕಾಲುಗಳ ಪರೀಕ್ಷೆ ಆಗ ತೊಡಗುತ್ತದೆ. ಕೈಯಲ್ಲೊಂದು ಕೋಲಿರಲಿ, ಕಾಲಿನ ಉಗುರುಗಳನ್ನು ಹಿಂದಿನ ರಾತ್ರಿಯೇ ಕತ್ತರಿಸಿರಲಿ.