ಉಡಿ ತುಂಬುವಾಗ ಮನಸ್ಸು ಎಲ್ಲಿರಬೇಕು?

ಹೇಮಗುಡ್ಡದ ದುರ್ಗಾಪರಮೇಶ್ವರಿಯ ಮುಂದೆ ನಿಂತರೆ ದೇವಿಗಿಂತ ಮೊದಲು ತೀರಿಹೋದ ಅಜ್ಜಿಯೇ ಕಣ್ಮುಂದೆ ಬರುತ್ತಾರೆ, ಇದು ಭಕ್ತಿಯ ಕೊರತೆಯೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ದಸರೆಯ ಅಂಬಾರಿ ಆನೆ, ಬನ್ನಿ, ನೂಕುನುಗ್ಗಲಿನಲ್ಲಿ ಹಿಡಿದುಕೊಂಡ ಅಜ್ಜಿಯ ಸೆರಗು... ನಿಮಗೆ ದೇವಿಯ ಪರಿಚಯವಾದದ್ದೇ ಇವುಗಳಿಂದ. ಅವನ್ನು ಮನಸ್ಸಿನಿಂದ ಓಡಿಸಲು ಹೋಗಬೇಡಿ.

ಆದರೆ ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೊದಂತೆ ಇದ್ದಹಾಗೇ ಇರುವುದಿಲ್ಲ. ನೆನೆದಾಗಲೆಲ್ಲ ಹಳೆಯದನ್ನು ಹೊಸದಾಗಿ ಕಟ್ಟಿಕೊಳ್ಳುತ್ತೇವೆ ಎಂದು ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಬರೆದರು. ಅಂದಿನ ದಸರೆಯಲ್ಲೂ ಬಿಸಿಲು, ಕಾಲುನೋವು ಇದ್ದೇ ಇದ್ದವು. ನಿಮ್ಮಲ್ಲಿ ಉಳಿದಿರುವುದು ಸವಿ ಮಾತ್ರ. ಅದರೊಡನೆ ತೂಗಿದರೆ ಇಂದಿನ ದರ್ಶನ ಸಪ್ಪೆ ಎನಿಸುವುದು ಸಹಜ.

ಮನಸ್ಸನ್ನು ಇಂದಿಗೆ ಕರೆತರಲು, ಈ ನವರಾತ್ರಿಗೆ ದೇವಿಗೆ ತುಂಬುವ ಉಡಿ ಸಾಮಾನನ್ನು ಅಂಗಡಿಯಲ್ಲಿ ಕಟ್ಟಿಸಿ ತರಬೇಡಿ. ಅಕ್ಕಿ ನೀವೇ ಹಸನು ಮಾಡಿ. ಖಣ ಮಡಚಿ, ಅದರ ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಎಲೆ, ಅಡಿಕೆ ಒಂದೊಂದಾಗಿ ಇಡಿ. ನಡುವೆ ಅಜ್ಜಿ ನೆನಪಾದರೆ ಅವರ ಹೆಸರು ಹೇಳಿ ದೇವಿಗೆ ಕೈಮುಗಿಯಿರಿ, ಮತ್ತೆ ಅಕ್ಕಿಗೆ ಕೈ ಹಾಕಿ. ಮನಸ್ಸು ಹತ್ತು ಸಲ ಹೋದರೂ ಹತ್ತು ಸಲ ಕರೆತರಬಹುದು. ನನ್ನ ಮಟ್ಟಿಗೆ ಅದೂ ಪೂಜೆಯೇ. ಸಂಜೆ ಸಿಂಧನೂರು ತಾಲೂಕಿನ ಅಂಬಾಮಠದ ಚಿದಾನಂದಾವಧೂತರ ದೇವಿ ಪುರಾಣವನ್ನು ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ.

ಅಜ್ಜಿಯ ನೆನಪು ಊಟ, ನಿದ್ದೆ ಕೆಡಿಸುವಷ್ಟು ಕಾಡುತ್ತಿದ್ದರೆ ಮಾತ್ರ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.