ಒಂದು ವರ್ಷದ ಡಿಪ್ಲೊಮಾ, ಐದು ವರ್ಷದ ಲೆಕ್ಕ

ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನಾಲ್ಕಾರು ವರ್ಷ ಸಾಮಾನ್ಯ ವಾರ್ಡಿನಲ್ಲಿ ದುಡಿದವರು ತೀವ್ರ ನಿಗಾ ಘಟಕ, ಕ್ಯಾನ್ಸರ್, ಮನೋರೋಗ, ನವಜಾತ ಶಿಶು ಇಂಥ ಯಾವುದಾದರೊಂದು ವಿಶೇಷ ವಿಭಾಗಕ್ಕೆ ಹೊರಳಬೇಕೆಂದರೆ, ಅವರ ಮುಂದಿರುವ ದಾರಿಗಳಲ್ಲಿ ಅತ್ಯಂತ ಹತ್ತಿರದ್ದು ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿರುವ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗಿ, ಕನಿಷ್ಠ ಒಂದು ವರ್ಷ ರೋಗಿಗಳ ಆರೈಕೆಯ ಅನುಭವ ಪಡೆದವರಿಗೆ ಇದು ತೆರೆದಿದೆ. ಬಳ್ಳಾರಿಯ ಆಸ್ಪತ್ರೆಗಳಲ್ಲಿ 'ಪೋಸ್ಟ್ ಬೇಸಿಕ್' ಎಂದೊಡನೆ ಬಹಳ ಮಂದಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯನ್ನು ನೆನೆಯುತ್ತಾರೆ; ಅದು ಜಿಎನ್‌ಎಂ ಆದವರಿಗೆ ಎರಡು ವರ್ಷದಲ್ಲಿ ಪದವಿ ಕೊಡುವ, ಮುಂದೆ ಎಂ.ಎಸ್ಸಿ. ಹಾಗೂ ಬೋಧನೆಯ ಬಾಗಿಲು ತೆರೆಯುವ ಬೇರೆಯೇ ವ್ಯಾಸಂಗ. ಡಿಪ್ಲೊಮಾ ಪದವಿಯನ್ನು ಕೊಡುವುದಿಲ್ಲ, ಒಂದು ವಿಭಾಗದಲ್ಲಿ ಕೈ ಪಳಗಿಸುತ್ತದೆ. ಇವೆರಡರಲ್ಲಿ ಯಾವುದಕ್ಕೆ ಹಣ ಹಾಕಬೇಕೆಂಬುದು ಹತ್ತು ವರ್ಷದ ನಂತರ ಹಾಸಿಗೆಯ ಪಕ್ಕದಲ್ಲಿರಬೇಕೋ ತರಗತಿಯಲ್ಲಿರಬೇಕೋ ಎಂಬ ಪ್ರಶ್ನೆಗೆ ಕೊಡುವ ಉತ್ತರವನ್ನೇ ಅವಲಂಬಿಸಿರುವುದರಿಂದ, ಆ ಪ್ರಶ್ನೆ ಇತ್ಯರ್ಥವಾಗದೆ ಅರ್ಜಿ ಹಾಕುವುದು ಸಲ್ಲದು.

ಈ ಬಗೆಯ ವ್ಯಾಸಂಗ ಕರ್ನಾಟಕಕ್ಕೆ ಹೊಸತಲ್ಲ. ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾಗಿ 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅದೇ ದಶಕದಲ್ಲಿ, ಆಗಲೇ ಕೆಲಸದಲ್ಲಿದ್ದ ನರ್ಸ್‌ಗಳಿಗಾಗಿ ಮನೋರೋಗ ಶುಶ್ರೂಷೆಯ ಒಂದು ವರ್ಷದ ತರಬೇತಿಯನ್ನು ತೆರೆಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಂಥ ಕಡೆಗಳಲ್ಲಿ ಇಂದು ಹಲವು ವಿಭಾಗಗಳ ಡಿಪ್ಲೊಮಾಗಳಿವೆ. ಪರಿಷತ್ತು ಪರಿಷ್ಕರಿಸಿರುವ ಪಠ್ಯಕ್ರಮದಲ್ಲಿ ಪಾಠದ ಪಾಲು ಹತ್ತರಲ್ಲಿ ಒಂದಾದರೆ ಆಸ್ಪತ್ರೆಯ ಕೆಲಸದ ಪಾಲು ಒಂಬತ್ತು. ಅಂದರೆ ವಿದ್ಯಾರ್ಥಿನಿ ಎನಿಸಿಕೊಂಡವರು ವಾಸ್ತವದಲ್ಲಿ ವರ್ಷವಿಡೀ ಡ್ಯೂಟಿಯಲ್ಲೇ ಇರುತ್ತಾರೆ, ನೈಟ್ ಡ್ಯೂಟಿಯೂ ತಪ್ಪುವುದಿಲ್ಲ. ಅವರ ಕಲಿಕೆಯನ್ನು ಅಳೆಯುವುದು ಲಾಗ್‌ಬುಕ್ ಎಂಬ ದಾಖಲೆ ಪುಸ್ತಕ. ತೀವ್ರ ನಿಗಾ ವಿಭಾಗದ ಲಾಗ್‌ಬುಕ್‌ನ ಒಂದು ಪುಟದಲ್ಲಿ, ಶ್ವಾಸನಾಳದ ಕೊಳವೆಯಿಂದ ಕಫ ಹೀರುವ ಕೆಲಸಕ್ಕೆ ಒಂದು ಸಾಲು, ರಕ್ತದ ಅನಿಲಾಂಶದ ವರದಿ ಓದಿ ವೆಂಟಿಲೇಟರಿನ ಅಳತೆಯೊಡನೆ ತಾಳೆ ನೋಡುವುದಕ್ಕೆ ಮತ್ತೊಂದು ಸಾಲು. ಮೊದಲು ನೋಡಿದ್ದು, ಆಮೇಲೆ ನೆರವಿನೊಡನೆ ಮಾಡಿದ್ದು, ಕೊನೆಗೆ ತಾನೇ ಮಾಡಿದ್ದು ಎಂಬ ಮೂರು ಅಂಕಣಗಳಿಗೂ ಮೇಲ್ವಿಚಾರಕರ ಸಹಿ ಬೀಳುವವರೆಗೆ ಆ ಸಾಲು ಮುಗಿದಂತಲ್ಲ. ಸಾಮಾನ್ಯ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದರೂ ಈ ಸಹಿಗಳು ಸಿಗುವುದಿಲ್ಲ. ಹಣ ಕೊಟ್ಟು ಕೊಳ್ಳುತ್ತಿರುವುದು ನಿಜವಾಗಿ ಈ ಪುಸ್ತಕವನ್ನೇ ಎಂಬುದು, ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ತೀವ್ರ ನಿಗಾ ಶುಶ್ರೂಷೆಯ ಡಿಪ್ಲೊಮಾ ಮುಗಿಸಿ ಬಂದ ಈ ಅಂಕಣದ ಲೇಖಕಿಯ ಅಭಿಪ್ರಾಯ.

ಅದರ ಬೆಲೆಯನ್ನು ಲೆಕ್ಕ ಹಾಕುವಾಗ ಶುಲ್ಕದ ರಸೀದಿಯನ್ನು ಮಾತ್ರ ನೋಡುವವರೇ ಹೆಚ್ಚು. ಆರ್ಥಿಕ ಪರಿಭಾಷೆಯಲ್ಲಿ ಅವಕಾಶ ವೆಚ್ಚ ಎನ್ನುವುದು, ಅಂದರೆ ಒಂದನ್ನು ಆರಿಸಿಕೊಂಡದ್ದರಿಂದ ಕೈಬಿಟ್ಟುಹೋದ ಇನ್ನೊಂದರ ಮೌಲ್ಯ, ಇಲ್ಲಿ ಶುಲ್ಕಕ್ಕಿಂತ ಹಲವು ಪಟ್ಟು ದೊಡ್ಡದಾಗಿರುತ್ತದೆ. ಉದಾಹರಣೆಗೆ, ನಗರದ ಹೊರಮಗ್ಗುಲಿನ ಹಲಕುಂದಿಯಲ್ಲಿ ತಂದೆತಾಯಿಯೊಡನೆ ಇದ್ದುಕೊಂಡು ಬಳ್ಳಾರಿಗೆ ಹೋಗಿಬರುವ, ತಿಂಗಳಿಗೆ ₹18,000 ಕೈಗೆ ಬರುವ ಒಬ್ಬ ನರ್ಸನ್ನು ಊಹಿಸಿಕೊಳ್ಳಬಹುದು. ಶುಲ್ಕ ₹60,000, ಬೆಂಗಳೂರಿನ ಹಾಸ್ಟೆಲ್ ಮತ್ತು ಮೆಸ್ಸಿಗೆ ತಿಂಗಳಿಗೆ ₹8,000ದಂತೆ ₹96,000, ಬಿಟ್ಟುಹೋದ ಸಂಬಳ ₹2,16,000 ಎಂದಿಟ್ಟುಕೊಂಡರೆ ಒಟ್ಟು ₹3,72,000 ಆಗುತ್ತದೆ. ತರಬೇತಿ ಕೊಡುವ ಆಸ್ಪತ್ರೆ ತಿಂಗಳಿಗೆ ₹10,000 ಸ್ಟೈಪೆಂಡ್ ಕೊಟ್ಟರೆ ಈ ಮೊತ್ತ ₹2,52,000ಕ್ಕೆ ಇಳಿಯುತ್ತದೆ. ಮರಳಿ ಬಂದ ಮೇಲೆ ಸಂಬಳ ತಿಂಗಳಿಗೆ ₹4,000 ಹೆಚ್ಚಾದರೆ, ಹಾಕಿದ ದುಡ್ಡು ವಾಪಸು ಬರಲು ಐದು ವರ್ಷ ಮೂರು ತಿಂಗಳು ಬೇಕು. ಸ್ಟೈಪೆಂಡ್ ಇಲ್ಲದಿದ್ದರೆ ಏಳು ವರ್ಷ ಒಂಬತ್ತು ತಿಂಗಳು. ಹೆಚ್ಚಳ ₹8,000 ಆದರೆ ಸ್ಟೈಪೆಂಡ್ ಸಹಿತದ ಲೆಕ್ಕ ಎರಡೂವರೆ ವರ್ಷ ದಾಟುತ್ತಲೇ ಸರಿಹೋಗುತ್ತದೆ. ಇನ್ನು, ಸಂಬಳ ನಿಲ್ಲಿಸದೆ ಕಳಿಸಿಕೊಡುವ ಸಂಸ್ಥೆಯ ನೌಕರರಿಗಾದರೆ ಖರ್ಚು ₹1,56,000 ಮಾತ್ರ, ₹4,000 ಹೆಚ್ಚಳದಲ್ಲೂ ಮೂರು ವರ್ಷ ಮೂರು ತಿಂಗಳಿಗೆ ತೀರುತ್ತದೆ. ಶುಲ್ಕದಲ್ಲಿ ಹತ್ತು ಸಾವಿರ ಕಡಿಮೆಯಿರುವ ಕಾಲೇಜನ್ನು ಹುಡುಕಿ ಅಲೆಯುವುದಕ್ಕಿಂತ ಸ್ಟೈಪೆಂಡ್ ಕೊಡುವ ಆಸ್ಪತ್ರೆಯನ್ನು ಹುಡುಕುವುದು ಏಕೆ ಮುಖ್ಯವೆಂದು ಈ ಅಂಕಿಗಳೇ ಹೇಳುತ್ತವೆ. ಪರಿಷತ್ತಿನ ನಿಯಮಾವಳಿಯು ಸೇವೆಯಲ್ಲಿರುವ ಅಭ್ಯರ್ಥಿಗಳಿಗೆ ಅವರ ಸಂಬಳವನ್ನೂ ಉಳಿದವರಿಗೆ ತರಬೇತಿ ಕೊಡುವ ಆಸ್ಪತ್ರೆಯ ವೇತನಕ್ರಮಕ್ಕೆ ಅನುಗುಣವಾದ ಭತ್ಯೆಯನ್ನೂ ಹೇಳುವುದರಿಂದ, ಅರ್ಜಿ ಹಾಕುವ ಮೊದಲೇ ಆ ಮೊತ್ತವನ್ನು ಬರವಣಿಗೆಯಲ್ಲಿ ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ.

ಸಿರುಗುಪ್ಪ, ಕುರುಗೋಡು ಕಡೆಯಿಂದ ಬಂದು ಬಳ್ಳಾರಿಯಲ್ಲಿ ರೂಮು ಮಾಡಿಕೊಂಡಿರುವವರ ಲೆಕ್ಕ ಸ್ವಲ್ಪ ಬೇರೆ. ಅವರು ಆಗಲೇ ಬಾಡಿಗೆ ಕಟ್ಟುತ್ತಿರುವುದರಿಂದ ಹಾಸ್ಟೆಲಿನ ಖರ್ಚು ಪೂರ್ತಿ ಹೊಸದಲ್ಲ, ವ್ಯತ್ಯಾಸವನ್ನಷ್ಟೇ ಸೇರಿಸಿದರೆ ಸಾಕು. ಮನೆಯೂಟ ತಿಂದು, 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆಯಿಂದ ಬಸ್ಸಿಗೂ ದುಡ್ಡು ಕೊಡದೆ ಓಡಾಡುವ ಹಲಕುಂದಿಯವರಿಗೆ ಬೆಂಗಳೂರಿನ ವರ್ಷ ಹೆಚ್ಚು ಭಾರ. ಊರಿಗೆ ಬಂದುಹೋಗುವ ಖರ್ಚನ್ನು ಅದೇ ಶಕ್ತಿ ಯೋಜನೆ ಉಳಿಸುತ್ತದೆ, ವೆಲ್ಲೂರಿಗೆ ಹೋದವರಿಗೆ ರಾಜ್ಯದ ಗಡಿಯಾಚೆ ಆ ಅನುಕೂಲ ಇರುವುದಿಲ್ಲ. ಸಮವಸ್ತ್ರ, ಪರೀಕ್ಷಾ ಶುಲ್ಕ, ಹಾಸ್ಟೆಲಿನ ಮುಂಗಡ ಇತ್ಯಾದಿ ಚಿಲ್ಲರೆ ಬಾಬತ್ತುಗಳು ಲೇಖಕಿಯ ಖರ್ಚಿನ ಪುಸ್ತಕದಲ್ಲಿ ಸೇರಿಕೊಂಡು ಹೆಚ್ಚುಕಡಿಮೆ ಒಂದು ತಿಂಗಳ ಸಂಬಳವನ್ನೇ ನುಂಗಿದ್ದವು. ಅವೆಲ್ಲಕ್ಕಿಂತ ಬಿಗಿಯಾಗಿ ಕಾಡಿದ್ದು ಓದಿಗೆ ಸಂಬಂಧವೇ ಇಲ್ಲದ ಚೀಟಿಯ ಕಂತು. ಸಂಬಳ ನಿಂತರೂ ಚೀಟಿ ನಿಲ್ಲುವುದಿಲ್ಲ, ಮಹಿಳಾ ಸಂಘದ ವಾರದ ಕಂತು ಅದಕ್ಕಿಂತಲೂ ನಿಲ್ಲುವುದಿಲ್ಲ. ಆದ್ದರಿಂದ ಓಡುತ್ತಿರುವ ಚೀಟಿ ಮುಗಿದ ತಿಂಗಳಿಗೂ ವ್ಯಾಸಂಗ ಆರಂಭವಾಗುವ ತಿಂಗಳಿಗೂ ಹೊಂದಾಣಿಕೆ ಮಾಡಿಕೊಳ್ಳುವುದು ಯಾವ ಬ್ಯಾಂಕ್ ಸಾಲಕ್ಕಿಂತಲೂ ದೊಡ್ಡ ನೆರವು.

ಇಷ್ಟು ಖರ್ಚಿಗೆ ಬರುವ ಪ್ರತಿಫಲ ಯಾರ ಕೈಯಲ್ಲಿದೆ ಎಂಬುದು ಹೆಚ್ಚು ಕಷ್ಟದ ಪ್ರಶ್ನೆ. ಬಳ್ಳಾರಿಯಲ್ಲಿ ನುರಿತ ಕೈಗಳಿಗೆ ಕೆಲಸವಿಲ್ಲವೆನ್ನುವಂತಿಲ್ಲ. ಅದಿರು ಲಾರಿಗಳು ಓಡುವ ಹೆದ್ದಾರಿಗಳು, ಸ್ಪಾಂಜ್ ಐರನ್ ಕಾರ್ಖಾನೆಗಳು, ತೋರಣಗಲ್ಲಿನ ಉಕ್ಕಿನ ಸ್ಥಾವರ ಇರುವ ಜಿಲ್ಲೆಯಲ್ಲಿ ಅಪಘಾತ ಮತ್ತು ಸುಟ್ಟಗಾಯದ ರೋಗಿಗಳಿಗೆ ಬರವಿಲ್ಲ. ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ, 1961ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿಗೆ ಸೇರಿದ ಟ್ರಾಮಾ ಕೇಂದ್ರವೂ ಇಲ್ಲಿದೆ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆನ್ನುವುದು ತೀವ್ರ ನಿಗಾ ಘಟಕದ ಒಪ್ಪಿತ ಪ್ರಮಾಣ. ಆದರೆ ಬೇಡಿಕೆ ಇದ್ದ ಮಾತ್ರಕ್ಕೆ ಸಂಬಳ ಏರುವುದಿಲ್ಲ. ಲೇಖಕಿ ಡಿಪ್ಲೊಮಾ ಮುಗಿಸಿ ಬಂದಾಗ ಹಳೆಯ ಆಸ್ಪತ್ರೆಯ ಆಡಳಿತಾಧಿಕಾರಿ, "ಸರ್ಟಿಫಿಕೇಟ್ ಚಲೋ ಐತಿ ಸಿಸ್ಟರ್, ಆದ್ರ ನಮ್ಮಲ್ಲಿ ಸ್ಕೇಲ್ ಸರ್ವಿಸ್ ಮೇಲೇ ಇರೋದು" ಎಂದು ಹಳೆಯ ಸಂಬಳವನ್ನೇ ಮುಂದಿಟ್ಟರು. ಎನ್‌ಎಬಿಎಚ್, ಅಂದರೆ ಆಸ್ಪತ್ರೆಗಳ ಗುಣಮಟ್ಟಕ್ಕೆ ರಾಷ್ಟ್ರಮಟ್ಟದಲ್ಲಿ ಮಾನ್ಯತೆ ನೀಡುವ ಮಂಡಳಿಯ ಪರಿಶೀಲನೆಗೆ ಸಿದ್ಧವಾಗುತ್ತಿದ್ದ ಇನ್ನೊಂದು ಆಸ್ಪತ್ರೆ ಅದೇ ಪ್ರಮಾಣಪತ್ರಕ್ಕೆ ಹೆಚ್ಚು ಕೊಡಲು ಮುಂದಾಯಿತು, ಏಕೆಂದರೆ ಆ ಪರಿಶೀಲನೆಯಲ್ಲಿ ಸಿಬ್ಬಂದಿಯ ಅರ್ಹತೆಯ ದಾಖಲೆ ತೋರಿಸಬೇಕಾಗುತ್ತದೆ. ನುರಿತ ಕೈ ಒಂದೇ, ಪ್ರಮಾಣಪತ್ರವೂ ಒಂದೇ. ಬೆಲೆ ಮಾತ್ರ ಕೊಳ್ಳುವವರ ಅಗತ್ಯದಿಂದ ಹುಟ್ಟಿತು. ಹೋಗುವ ಮೊದಲೇ ಹಿಂತಿರುಗಿ ಬರುವ ಜಾಗವನ್ನು, ಸಾಧ್ಯವಾದರೆ ಸಂಬಳವನ್ನೂ, ಗೊತ್ತುಮಾಡಿಕೊಳ್ಳದವರಿಗೆ ಈ ವ್ಯಾಸಂಗ ಜ್ಞಾನ ಕೊಟ್ಟೀತೇ ಹೊರತು ಹಣ ಕೊಡುವ ಖಾತ್ರಿಯಿಲ್ಲ.

ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚನೆಯಾದ ತಜ್ಞರ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಸರ್ಕಾರಿ ನರ್ಸ್‌ಗಳಿಗೆ ಸಮನಾದ ವೇತನ ಕೊಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ ಅದು ₹20,000ಕ್ಕೆ ಕಡಿಮೆಯಿರಬಾರದೆಂದೂ ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿದ ಊರುಗಳಲ್ಲಿ ಬಳ್ಳಾರಿಯೂ ಒಂದೆಂದು ಇಲ್ಲಿನ ಸಂಬಳದ ಚೀಟಿ ನೋಡಿದವರಿಗೆ ಹೇಳಬೇಕಿಲ್ಲ. ಸರ್ಕಾರಿ ಸೇವೆಯ ತೊಡಕು ಇನ್ನೊಂದು ಬಗೆಯದು: ಅಲ್ಲಿ ವಿಶೇಷ ತರಬೇತಿ ಪಡೆದವರನ್ನೂ ಸರದಿಯ ಪ್ರಕಾರ ಬೇರೆ ವಾರ್ಡಿಗೆ ಹಾಕುವ ರೂಢಿ ಇರುವುದರಿಂದ, ವೆಂಟಿಲೇಟರ್ ಕಲಿತವರು ಹೊರರೋಗಿ ವಿಭಾಗದಲ್ಲಿ ಚೀಟಿ ಬರೆಯುತ್ತ ಕೂರುವ ಪ್ರಸಂಗ ಬರುತ್ತದೆ. ಅಮೆರಿಕದಲ್ಲಿ ಸ್ನಾತಕೋತ್ತರ ಪ್ರಮಾಣಪತ್ರ ಪಡೆದು ಹೊಸ ವಿಭಾಗದ ನರ್ಸ್ ಪ್ರಾಕ್ಟೀಷನರ್ ಆದವರಿಗೆ ಔಷಧಿ ಬರೆದುಕೊಡುವ ಅಧಿಕಾರವನ್ನು ಕಾನೂನೇ ಕೊಡುವುದರಿಂದ ಅಲ್ಲಿ ಓದು ಮತ್ತು ಹುದ್ದೆ ಒಟ್ಟಿಗೇ ಬದಲಾಗುತ್ತವೆ. ಇಲ್ಲಿ ಓದು ಬದಲಾದರೂ ಹುದ್ದೆಯ ಹೆಸರು ಹಾಗೇ ಉಳಿಯುತ್ತದೆ.

ಸಾಲದ ವಿಷಯದಲ್ಲಿ, ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯು ₹4 ಲಕ್ಷದವರೆಗೆ ಆಸ್ತಿ ಅಡಮಾನವನ್ನಾಗಲಿ ಅಭ್ಯರ್ಥಿಯ ಕೈಯಿಂದ ಹಾಕಬೇಕಾದ ಪಾಲನ್ನಾಗಲಿ ಕೇಳುವುದಿಲ್ಲ. ಮರುಪಾವತಿ ವ್ಯಾಸಂಗ ಮುಗಿದು ಒಂದು ವರ್ಷದ ನಂತರ ಶುರುವಾಗುತ್ತದೆ. ಬಳ್ಳಾರಿಯಲ್ಲೇ ಕೇಂದ್ರ ಕಚೇರಿ ಹೊಂದಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಸೇರಿದಂತೆ ಯಾವ ಬ್ಯಾಂಕಿನಲ್ಲಿ ಕೇಳಿದರೂ, ಕಾಲೇಜಿಗೆ ಪರಿಷತ್ತಿನ ಮಾನ್ಯತೆ ಇರುವುದಕ್ಕೆ ಪತ್ರವನ್ನು ಮೊದಲೇ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ "ಇದು ಡಿಗ್ರಿ ಏನ್ರೀ?" ಎಂಬ ಪ್ರಶ್ನೆಯಲ್ಲೇ ಅರ್ಜಿ ನಿಂತುಬಿಡುತ್ತದೆ. ₹1,50,000 ಸಾಲಕ್ಕೆ ಶೇ 10ರ ಬಡ್ಡಿಯೆಂದರೆ ವರ್ಷಕ್ಕೆ ₹15,000. ಓದಿನ ವರ್ಷ ಹಾಗೂ ನಂತರದ ವಿನಾಯಿತಿ ವರ್ಷ ಎರಡರಲ್ಲೂ ಬಡ್ಡಿ ಕಟ್ಟದೆ ಬಿಟ್ಟರೆ ಅಸಲು ₹1,80,000 ಆಗಿ, ಐದು ವರ್ಷದ ಮಾಸಿಕ ಕಂತು ಸುಮಾರು ₹3,820 ಬೀಳುತ್ತದೆ. ಸಂಬಳದ ಹೆಚ್ಚಳ ₹4,000 ಆದವರಿಗೆ ಹೊಸ ವಿಭಾಗದ ಫಲವೆಲ್ಲ ಐದು ವರ್ಷ ಬ್ಯಾಂಕಿಗೇ ಹೋದಂತಾಯಿತು. ಆ ಎರಡೂ ವರ್ಷ ತಿಂಗಳಿಗೆ ₹1,250 ಬಡ್ಡಿ ಕಟ್ಟುತ್ತ ಬಂದರೆ ಕಂತು ಸುಮಾರು ₹3,190ಕ್ಕೆ ನಿಲ್ಲುತ್ತದೆ. ಶಿಕ್ಷಣ ಸಾಲದ ಬಡ್ಡಿಗಿರುವ ತೆರಿಗೆ ವಿನಾಯಿತಿಯನ್ನು ಮುಂದೊಡ್ಡುವ ಏಜೆಂಟರಿದ್ದಾರೆ. ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಗೆ ಮಾತ್ರ ಅನ್ವಯಿಸುವಂಥದು. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ ₹12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲದಿರುವಾಗ, ನರ್ಸ್‌ಗಳ ಸಂಬಳಕ್ಕೆ ಅದರಿಂದ ಉಳಿಯುವುದು ಸೊನ್ನೆ.

ರಾಜೀನಾಮೆ ಕೊಟ್ಟು ಹೋಗುವವರು ಕಳೆದುಕೊಳ್ಳುವ ಇನ್ನೂ ಕೆಲವು ಬಾಬತ್ತುಗಳಿವೆ. ಭವಿಷ್ಯ ನಿಧಿಯನ್ನು ತೆಗೆದುಕೊಂಡು ಶುಲ್ಕ ಕಟ್ಟುವುದು ಸುಲಭವೆನಿಸಿದರೂ, ಅದರೊಳಗಿನ ಪಿಂಚಣಿ ಭಾಗಕ್ಕೆ ಹತ್ತು ವರ್ಷದ ಸೇವೆಯ ಎಣಿಕೆ ಇರುವುದರಿಂದ ಖಾತೆಯನ್ನು ಮುಟ್ಟದೆ ಬಿಟ್ಟು ಮುಂದಿನ ಕೆಲಸಕ್ಕೆ ವರ್ಗಾಯಿಸಿಕೊಳ್ಳುವುದು ಲೇಸು. ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗೆ ಮಾಲೀಕರು ಕೊಡಬೇಕಾದ ಉಪದಾನ, ಕಾಯಂ ಕೆಲಸದಲ್ಲಿ ಐದು ವರ್ಷ ತುಂಬಿದವರಿಗೆ ದಕ್ಕುತ್ತದೆ. ಮೂಲ ವೇತನ ₹12,000 ಇದ್ದರೆ, ವರ್ಷಕ್ಕೆ ಹದಿನೈದು ದಿನದ ಸಂಬಳವನ್ನು ಇಪ್ಪತ್ತಾರು ದಿನದ ತಿಂಗಳ ಲೆಕ್ಕದಲ್ಲಿ ಎಣಿಸಿ, ಐದು ವರ್ಷಕ್ಕೆ ಸುಮಾರು ₹34,600 ಆಗುತ್ತದೆ. ನಾಲ್ಕೂವರೆ ವರ್ಷ ದುಡಿದವರು ಈ ಮೊತ್ತಕ್ಕಾಗಿ ಒಂದು ತಂಡವನ್ನು ಬಿಟ್ಟು ಮುಂದಿನ ವರ್ಷದ ಪ್ರವೇಶಕ್ಕೆ ಕಾಯಬೇಕೇ ಎಂಬ ಪ್ರಶ್ನೆ ಲೇಖಕಿಯ ಸಹೋದ್ಯೋಗಿಗಳಲ್ಲಿ ಮತ್ತೆ ಮತ್ತೆ ಏಳುತ್ತಿತ್ತು. ಮರಳಿದ ಮೇಲೆ ತಿಂಗಳಿಗೆ ₹4,000 ಹೆಚ್ಚಳ ಖಚಿತವಾಗಿ ಬರುವುದಾದರೆ ಒಂದು ವರ್ಷ ತಡವಾದರೆ ₹48,000 ಕೈತಪ್ಪುತ್ತದೆ, ಕಾಯುವುದು ನಷ್ಟ. ಹೆಚ್ಚಳ ಕೇವಲ ಭರವಸೆಯಾಗಿದ್ದರೆ ಕಾಯುವುದೇ ಲಾಭ. ರಾಜೀನಾಮೆಯ ಬದಲು ಸಂಬಳರಹಿತ ರಜೆಯನ್ನು ಮಂಜೂರು ಮಾಡಿಸಿಕೊಂಡರೆ ಸೇವೆಯ ನಿರಂತರತೆ ಕಡಿಯುವುದಿಲ್ಲವಾದ್ದರಿಂದ ಗ್ರಾಚ್ಯುಟಿ, ಹೆಚ್ಚಳ ಎರಡೂ ಉಳಿಯುತ್ತವೆ. ಅದನ್ನು ಒಪ್ಪುವ ಆಸ್ಪತ್ರೆಗಳು ಸಾಮಾನ್ಯವಾಗಿ ಮರಳಿದ ಮೇಲೆ ಇಂತಿಷ್ಟು ಕಾಲ ಅಲ್ಲಿಯೇ ದುಡಿಯಬೇಕೆಂಬ ಮುಚ್ಚಳಿಕೆಯನ್ನೂ ಬರೆಸಿಕೊಳ್ಳುತ್ತವೆ; ಅದಕ್ಕೆ ಸಹಿ ಹಾಕುವಾಗಲೇ ಮರಳಿದ ಮೇಲಿನ ಸಂಬಳ ಮತ್ತು ವಿಭಾಗ ಎರಡನ್ನೂ ಅದೇ ಕಾಗದದಲ್ಲಿ ನಮೂದಿಸುವಂತೆ ಕೇಳಬೇಕು, ಮೂಲ ಪ್ರಮಾಣಪತ್ರಗಳನ್ನು ಮಾತ್ರ ಒತ್ತೆಯಾಗಿ ಕೊಡಕೂಡದು, ಏಕೆಂದರೆ ಡಿಪ್ಲೊಮಾವನ್ನು ಹೆಚ್ಚುವರಿ ಅರ್ಹತೆಯಾಗಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಲು ಹೋದಾಗ ಮೊದಲು ಕೇಳುವುದೇ ಅವುಗಳನ್ನು.